ಪತ್ತನಾಜೆಯ ಮರುದಿನ

ಹೆತ್ತ ಮಗಳನ್ನು ನೋಡಲು ದುಗ್ಗಮ್ಮನಿಗೆ ವರ್ಷಕ್ಕೆ ಒಂದು ದಿನ ಕೊಟ್ಟಿದ್ದರು. ಪತ್ತನಾಜೆಯ ಮರುದಿನ.

ಊರಿನ ದೈವಗಳ ಕೋಲ, ನೇಮಗಳೆಲ್ಲ ಬೇಸಗೆಯ ಕೊನೆಗೆ ಬರುವ ಪತ್ತನಾಜೆಗೆ ಮುಗಿಯುತ್ತವೆ. ಮರುದಿನ ಯಾರ ಮನೆಗೂ ನೆಂಟರು ಬರುವುದಿಲ್ಲ. ನೋಡುವ ಕಣ್ಣುಗಳು ಕಡಿಮೆ. ಅದಕ್ಕೇ ಆ ದಿನವನ್ನು ಆರಿಸಿದ್ದರು.

ಕಡಬದ ಆಚೆಯ ಗುಡಿಸಲಿನಿಂದ ಅವಳು ಕೋಳಿ ಕೂಗುವ ಮೊದಲೇ ಹೊರಡುತ್ತಿದ್ದಳು. ಶಾಂತಿಮೊಗರಿನಲ್ಲಿ ದೋಣಿ ದಾಟಿ, ಗುಡ್ಡ ಹತ್ತಿ ಇಳಿದು, ಸವಣೂರಿನ ಆ ಮನೆ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು. ಎದುರಿನ ಅಂಗಳಕ್ಕೆ ಕಾಲಿಡುವ ಹಾಗಿಲ್ಲ. ಹಿತ್ತಿಲಿನಿಂದ ಬರಬೇಕು. ಬಾವಿಕಟ್ಟೆಯ ಪಕ್ಕ ಒಗೆಯುವ ಕಲ್ಲಿನ ಮೇಲೆ ಬಟ್ಟೆಯ ರಾಶಿ ಕಾಯುತ್ತಿರುತ್ತಿತ್ತು. ಇಡೀ ಮನೆಯ ಹಾಸಿಗೆ ಬಟ್ಟೆ, ಕಂಬಳಿ, ಗಂಡಸರ ಪಂಚೆ.

“ಬಂದವಳು ಸುಮ್ಮನೆ ಕೂತರೆ ನೋಡಿದವರು ಕೇಳ್ತಾರೆ ದುಗ್ಗು,” ಎಂದು ಆ ಮನೆಯೊಡತಿ ಶೀಲಾವತಿ ಮೊದಲ ವರ್ಷವೇ ಹೇಳಿದ್ದಳು. “ಕೆಲಸಕ್ಕೆ ಬಂದವಳ ಹಾಗೆ ಕಾಣ್ಬೇಕು.”

ಮಗಳನ್ನು ನೋಡುವುದೆಂದರೆ ಬಟ್ಟೆ ಹಿಂಡುವ ನಡುವೆ ಕತ್ತೆತ್ತುವುದು. ಅಷ್ಟೇ. ಮೊದಲ ವರ್ಷ ಮಗು ಹಿಂಬದಿಯ ಜಗಲಿಯಲ್ಲಿ ಎಡವುತ್ತ ನಡೆಯುತ್ತಿತ್ತು. ಎರಡನೇ ವರ್ಷ ಓಡುತ್ತಿತ್ತು. ಮೂರನೇ ವರ್ಷ ಜ್ವರ ಬಂದು ಒಳಗೆ ಮಲಗಿತ್ತು, ಕೆಮ್ಮುವುದು ಮಾತ್ರ ಕೇಳಿಸಿತು. ದುಗ್ಗಮ್ಮ ಸಂಜೆಯವರೆಗೆ ಕಂಬಳಿ ಕುಟ್ಟಿ, ಆ ಕೆಮ್ಮನ್ನು ಕೇಳಿಸಿಕೊಂಡು, ವಾಪಸು ನಡೆದಳು. ಬದಲಿಗೆ ಇನ್ನೊಂದು ದಿನ ಕೊಡಿ ಎಂದು ಕೇಳಿದ್ದಳು. ಕೊಡಲಿಲ್ಲ.

ನಾಲ್ಕನೇ ವರ್ಷ ಮಗು ಕಲ್ಲಿನ ಹತ್ತಿರಕ್ಕೇ ಬಂತು. ಕೈಯಲ್ಲಿ ಒಂದು ಗೊಂಬೆ.

“ಏ ದುಗ್ಗು, ಇದರ ಅಂಗಿ ಒಗ್ದು ಕೊಡು.”

ಬೆರಳಿನಷ್ಟು ಅಗಲದ ಅಂಗಿ. ದುಗ್ಗಮ್ಮ ಅದನ್ನು ಒಗೆದಳು. ಇನ್ನೊಮ್ಮೆ ಒಗೆದಳು. ಮಗು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿತ್ತು. ಅಂಗಿ ಮುಗಿದರೆ ಮಗು ಎದ್ದು ಹೋಗುತ್ತದೆ. ಆರು ಸಲ ಒಗೆದಳು.

*

ಅವಳು ಹದಿನೇಳರ ಹುಡುಗಿಯಾಗಿದ್ದಾಗ ದೇರಣ್ಣ ಗೌಡರ ಮನೆಯ ಕೆಲಸಕ್ಕಿದ್ದಳು. ಜಾತಿ ಒಂದೇ. ಆದರೆ ಜಾತಿ ಒಂದಾದ ಮಾತ್ರಕ್ಕೆ ಕೂರುವ ಜಾಗ ಒಂದಾಗುವುದಿಲ್ಲ. ಅಪ್ಪ ಸತ್ತಿದ್ದ. ತಾಯಿ ಮತ್ತು ಅವಳು ಗೌಡರ ಜಾಗದಲ್ಲಿ, ಗೌಡರು ಹಾಕಿಕೊಟ್ಟ ಗುಡಿಸಲಿನಲ್ಲಿ ಇದ್ದರು. ಬೆಳಿಗ್ಗೆ ದನದ ಹಟ್ಟಿ ಬಾಚುವುದು. ಗುಡ್ಡೆಯಿಂದ ಸೊಪ್ಪಿನ ಹೊರೆ ತರುವುದು. ಭತ್ತ ಕುಟ್ಟುವುದು. ಕತ್ತಲಾದ ಮೇಲೆ ಒಂದು ಪಾತ್ರೆ ಗಂಜಿ ಹಿಡಿದು ಗುಡಿಸಲಿಗೆ ಇಳಿಯುವುದು.

ಬೋಜಪ್ಪ ಗೌಡರ ಎರಡನೇ ಮಗ. ಹತ್ತೊಂಬತ್ತು ವಯಸ್ಸು. ಹೈಸ್ಕೂಲಿನಲ್ಲಿ ಫೇಲಾಗಿ ಮನೆಗೆ ಬಂದವನು. ಕೆಟ್ಟವನಲ್ಲ. ಅವಳ ತಲೆಯ ಹೊರೆ ಇಳಿಸಲು ಕೈಕೊಟ್ಟ ಆ ಮನೆಯ ಒಬ್ಬನೇ ಒಬ್ಬ ಅವನು. ಹಾಗೆ ಶುರುವಾಯಿತು. ಬಲಾತ್ಕಾರ ಇರಲಿಲ್ಲ, ಮೋಸವೂ ಇರಲಿಲ್ಲ. ಇಬ್ಬರೂ ಎಳೆಯರು. ಮುಂದೇನು ಎಂದು ಇಬ್ಬರೂ ಕೇಳಿಕೊಂಡಿರಲಿಲ್ಲ.

ಹೊಟ್ಟೆ ಕಾಣಿಸಿಕೊಂಡಾಗ ಬೋಜಪ್ಪ ಜಗಲಿಗೆ ಹೋಗಿ ಅಪ್ಪನ ಎದುರು ನಿಂತ.

“ನಾನು ಅವಳನ್ನು ಮದುವೆ ಆಗ್ತೇನೆ.”

ಕೆನ್ನೆಗೆ ಬಿದ್ದ ಏಟು ಹಟ್ಟಿಯವರೆಗೆ ಕೇಳಿಸಿತು.

“ಸಗಣಿ ಬಾಚುವವಳು ನನ್ನ ಸೊಸೆಯಾ? ನಾಚಿಕೆ ಇಲ್ವಾ ನಿಂಗೆ?”

ಆ ಮಧ್ಯಾಹ್ನದ ಬಸ್ಸಿಗೇ ಅವನನ್ನು ಕಲ್ಲುಗುಂಡಿಯ ಸೋದರಮಾವನ ಮನೆಗೆ ಸಾಗಿಸಿದರು. ಅವನು ಹೋದ. ಏಟು ತಿಂದವನು ಇನ್ನೊಂದು ಮಾತು ಆಡಲಿಲ್ಲ.

ಐವತ್ತೈದರ ಮಳೆಗಾಲದಲ್ಲಿ ದುಗ್ಗಮ್ಮ ಹೆಣ್ಣು ಹೆತ್ತಳು. ಗೌಡರು ಓಡಿಸಲಿಲ್ಲ. ಹಟ್ಟಿಯ ಪಕ್ಕದ ಕೋಣೆಯಲ್ಲಿ ಇರಲು ಹೇಳಿದರು. ಹಾಲು ಕುಡಿಸು ಎಂದರು. ಗೌಡರ ಹೆಂಡತಿ ಎಳ್ಳೆಣ್ಣೆ ಕಳಿಸಿದಳು. ದುಗ್ಗಮ್ಮನ ತಾಯಿ ಕೈಮುಗಿದು, “ದೊಡ್ಡ ಮನಸ್ಸು,” ಎಂದಳು.

ದೊಡ್ಡ ಮನಸ್ಸು ಯಾಕೆ ಎಂದು ಹತ್ತು ತಿಂಗಳ ಮೇಲೆ ತಿಳಿಯಿತು. ಗೌಡರ ಹಿರಿಯ ಮಗಳು ಶೀಲಾವತಿಯನ್ನು ಸವಣೂರಿಗೆ ಕೊಟ್ಟು ಒಂಬತ್ತು ವರ್ಷ. ಮಕ್ಕಳಿಲ್ಲ. ಅವಳ ಗಂಡ ಇನ್ನೊಂದು ಹೆಣ್ಣು ನೋಡುತ್ತಿದ್ದಾನೆಂಬ ಸುದ್ದಿ ಬಂದಿತ್ತು. ದೇರಣ್ಣ ಗೌಡರು ಲೆಕ್ಕ ಹಾಕಿದ್ದರು. ರಕ್ತ ತಮ್ಮದೇ. ಹೆತ್ತವಳು ಬಾಯಿ ಇಲ್ಲದವಳು.

ಒಂದು ಬೆಳಿಗ್ಗೆ ದುಗ್ಗಮ್ಮ ಸೊಪ್ಪಿನ ಹೊರೆ ಹೊತ್ತು ಬಂದಾಗ ಕೋಣೆಯಲ್ಲಿ ಸೀರೆಯ ತೊಟ್ಟಿಲು ನೇತಾಡುತ್ತಿತ್ತು. ಒಳಗೆ ಏನೂ ಇರಲಿಲ್ಲ.

ಹಿಂದಿನ ದಿನ ತವರಿಗೆ ಬಂದಿದ್ದ ಶೀಲಾವತಿಯೂ ಇರಲಿಲ್ಲ. ಗೌಡರ ಹೆಂಡತಿ ಅಡಿಗೆಮನೆಯ ಬಾಗಿಲು ಹಾಕಿಕೊಂಡಳು. ದುಗ್ಗಮ್ಮ ಓಡಿದಳು. ಶಾಂತಿಮೊಗರಿನ ದೋಣಿಗೆ ಒಂದು ಕಾಲಿಟ್ಟದ್ದೇ ಗೌಡರ ಆಳುಗಳಿಬ್ಬರು ಹಿಂದಿನಿಂದ ಹಿಡಿದರು. ತೋಳು ತಿರುಚಿ ವಾಪಸು ತಂದರು. ದಾರಿಯುದ್ದಕ್ಕೂ ಎದೆಯ ಹಾಲು ಸುರಿಯುತ್ತಿತ್ತು. ಕುಪ್ಪಸ ಒದ್ದೆ, ಸೆರಗು ಒದ್ದೆ. ಹಿಡಿದವರು ಮುಖ ಆಚೆ ತಿರುಗಿಸಿಕೊಂಡರು. ಕೈ ಬಿಡಲಿಲ್ಲ.

ನಾಲ್ಕು ದಿನ ಎದೆ ಕಲ್ಲಾಯಿತು. ತಾಯಿ ಅವಳನ್ನು ಗುಡಿಸಲಿನ ಹಿಂದೆ ಕೂರಿಸಿ ಹಾಲನ್ನು ನೆಲಕ್ಕೆ ಹಿಂಡಿಸಿದಳು. ಇರುವೆಗಳು ಬಂದವು. ಆಮೇಲೆ ಹಳೆಯ ಪಂಚೆ ಹರಿದು ಎದೆಗೆ ಬಿಗಿದು ಕಟ್ಟಿದಳು. ಕಟ್ಟುವಾಗ ತಾಯಿಯೂ ಅತ್ತಳು.

ಐದನೇ ದಿನ ಗೌಡರ ಜಗಲಿಯಲ್ಲಿ ಪಂಚಾಯಿತಿ. ಏಳು ಗಂಡಸರು. ಎಲೆಯಡಿಕೆಯ ತಟ್ಟೆ. ಒಬ್ಬ ಮೊದಲೇ ಬರೆದಿಟ್ಟ ಕಾಗದ ತೆಗೆದ. ದುಗ್ಗಮ್ಮ ಅಂಗಳದಲ್ಲಿ ನಿಂತಿದ್ದಳು.

“ಅದರಲ್ಲಿ ಎಂತ ಉಂಟು?” ಎಂದು ಕೇಳಿದಳು.

“ನಿಂಗೆ ವರ್ಷಕ್ಕೊಂದು ದಿನ ಉಂಟು. ಪತ್ತನಾಜೆ ಕಳ್ದು ಮರುದಿನ. ಹೋಗಿ ನೋಡ್ಬಹುದು. ಮುಟ್ಟುದು ಬೇಡ. ನಾನು ಹೆತ್ತದ್ದು ಎಂದು ಹೇಳುದು ಬೇಡ,” ಎಂದ ಕಾಗದ ಹಿಡಿದವನು.

“ಮತ್ತೆ ಎಂತ ಉಂಟು?”

ದೇರಣ್ಣ ಗೌಡರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ತಲೆ ಎತ್ತದೆ ಹೇಳಿದರು.

“ನಾಳೆಯಿಂದ ನಿನ್ನ ಅಮ್ಮ ಎಲ್ಲಿ ಮಲಗುದು ಎಂದು ಅದರಲ್ಲಿ ಉಂಟು.”

ತಾಯಿಯೇ ಅವಳ ಕೈಹಿಡಿದು ಮೆಟ್ಟಿಲ ಹತ್ತಿರ ಕರೆತಂದಳು. ಹೆಬ್ಬೆಟ್ಟಿಗೆ ಶಾಯಿ ಹಚ್ಚಿದವನು ಯಾರೆಂದು ದುಗ್ಗಮ್ಮನಿಗೆ ನೆನಪಿಲ್ಲ. ಒತ್ತಿದ್ದು ನೆನಪಿದೆ.

*

ತಾಯಿ ತೀರಿಕೊಂಡ ಮೇಲೆ ಗುಡಿಸಲಿನ ಹಂಗು ಹೋಯಿತು. ಅರುವತ್ತನೇ ಇಸವಿಯಲ್ಲಿ ದುಗ್ಗಮ್ಮ ಪುತ್ತೂರಿಗೆ ಬಂದು ದರ್ಬೆಯ ಒಂದು ಅಕ್ಕಿ ಮಿಲ್ಲಿಗೆ ಸೇರಿದಳು. ಕುಚ್ಚಲಕ್ಕಿಯ ಮಿಲ್ಲು. ಕೊಪ್ಪರಿಗೆಯಲ್ಲಿ ಬೆಂದ ಭತ್ತವನ್ನು ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತು ಅಂಗಳಕ್ಕೆ ತಂದು ಸುರಿಯಬೇಕು. ಬುಟ್ಟಿಯಿಂದ ಕುದಿನೀರು ಕುತ್ತಿಗೆಗೆ, ಬೆನ್ನಿಗೆ ಇಳಿಯುತ್ತದೆ. ಮಿಲ್ಲಿನ ಹೆಂಗಸರನ್ನು ಹಿಂದಿನಿಂದ ನೋಡಿಯೇ ಗುರುತಿಸಬಹುದು, ಕುತ್ತಿಗೆಯ ಚರ್ಮ ಸುಲಿದು ಬಿಳಿಚಿರುತ್ತದೆ. ಆಮೇಲೆ ಬಿಸಿಲಿನಲ್ಲಿ ಹರಡಿದ ಭತ್ತವನ್ನು ಕಾಲಿನಿಂದ ತಿರುವುತ್ತ ಅಂಗಳದ ಈ ತುದಿಯಿಂದ ಆ ತುದಿಗೆ ನಡೆಯಬೇಕು. ದಿನವಿಡೀ. ಹಿಮ್ಮಡಿ ಒಡೆದು ಅದರಲ್ಲಿ ಭತ್ತದ ಮುಳ್ಳು ಸೇರುತ್ತದೆ.

ಪಕ್ಕದ ಸಾಲಿನಲ್ಲಿ ಭತ್ತ ತಿರುವುತ್ತಿದ್ದವಳು ನಫೀಸಮ್ಮ. ಗಂಡ ಬಿಟ್ಟವಳು. ಅವಳ ಇಬ್ಬರು ಮಕ್ಕಳು ಗಂಡನ ತಾಯಿಯ ಹತ್ತಿರ. ದುಗ್ಗಮ್ಮ, ನಫೀಸಮ್ಮ ಒಂದೇ ಲೈನುಮನೆಯ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದರು. ಊರಿನವರಿಗೆ ಅದೂ ಒಂದು ಮಾತಾಗಿತ್ತು. ಇಬ್ಬರೂ ಆ ಮಾತಿಗೆ ಕಿವಿ ಕೊಡಲಿಲ್ಲ.

ಅರುವತ್ತೆರಡರ ಪತ್ತನಾಜೆಯ ಮರುದಿನ ದುಗ್ಗಮ್ಮ ಸವಣೂರಿಗೆ ಬಸ್ಸಿನಲ್ಲಿ ಹೋದಳು. ಮಗಳಿಗೆ ಏಳು ತುಂಬಲು ಮೂರು ತಿಂಗಳಿತ್ತು. ವನಜಾಕ್ಷಿ ಎಂದು ಹೆಸರಿಟ್ಟಿದ್ದರು. ಎರಡು ಜಡೆ. ಹಣೆ, ಹುಬ್ಬು, ನಗುವಾಗ ಒಂದು ಬದಿಗೆ ಓರೆಯಾಗುವ ತುಟಿ, ಎಲ್ಲವೂ ದುಗ್ಗಮ್ಮನದೇ. ಅಂದು ನೆರೆಮನೆಯ ಮುದುಕಿಯೊಬ್ಬಳು ಬಾವಿಗೆ ಬಂದವಳು ಹುಡುಗಿಯನ್ನು ನೋಡಿದಳು, ಒಗೆಯುವವಳನ್ನು ನೋಡಿದಳು, ಮತ್ತೆ ಹುಡುಗಿಯನ್ನು ನೋಡಿದಳು. ಕೊಡ ಎತ್ತಿ ಹೋದಳು.

ಸಂಜೆ ಶೀಲಾವತಿ ಹಿತ್ತಿಲಿಗೆ ಬಂದಳು. ಅವಳ ಧ್ವನಿ ಗಡುಸಾಗಿರಲಿಲ್ಲ.

“ಬರುವ ವರ್ಷದಿಂದ ಬರ್ಬೇಡ ದುಗ್ಗು.”

ದುಗ್ಗಮ್ಮನ ಕೈಯಲ್ಲಿ ಹಿಂಡಿದ ಪಂಚೆ ಇತ್ತು.

“ಯಾಕೆ ಅಕ್ಕ? ನಾನು ಎಂತ ಮಾಡಿದೆ? ಒಂದು ಮಾತು ಆಡ್ಲಿಲ್ಲ. ಮುಟ್ಲಿಲ್ಲ.”

“ನೀನು ಎಂತದೂ ಮಾಡ್ಲಿಲ್ಲ. ಮುಖ ಉಂಟಲ್ಲ, ಅದಕ್ಕೆ ಎಂತ ಮಾಡುದು? ವರ್ಷ ಹೋದ ಹಾಗೆ ಅವಳ ಮುಖ ನಿನ್ನ ಹಾಗೇ ಆಗ್ತಾ ಉಂಟು. ಇಬ್ಬರನ್ನೂ ಒಟ್ಟಿಗೆ ನೋಡಿದರೆ ಯಾರಿಗೂ ಗೊತ್ತಾಗ್ತದೆ.”

ದುಗ್ಗಮ್ಮ ಪಂಚೆಯನ್ನು ಕಲ್ಲಿನ ಮೇಲೆ ಬಿಟ್ಟಳು. ಒಣಗಿಸಲಿಲ್ಲ. ಉಳಿದ ಬಟ್ಟೆ ನೀರಿನಲ್ಲೇ ಇತ್ತು. ಕೈ ಕೂಡ ಒರೆಸದೆ ಹೊರಟುಬಂದಳು.

*

“ಆ ಕಾಗದಕ್ಕೆ ಬೆಂಕಿ ಬೀಳ್ಲಿ,” ಎಂದಳು ನಫೀಸಮ್ಮ. “ನನ್ನ ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ಕಾಣಲಿಕ್ಕಾದರೂ ಸಿಗ್ತಾರೆ. ನಿಂಗೆ ಅದೂ ಇಲ್ಲ. ನಡಿ ಮಾರಾಯ್ತಿ, ಯಾರನ್ನಾದರೂ ಕೇಳುವ.”

ಅವಳ ಅಣ್ಣ ಹಸನಬ್ಬ ಕೋರ್ಟಿನ ಎದುರು ಚಾ ಅಂಗಡಿ ಇಟ್ಟಿದ್ದ. ಅವನು ಉದಯಶಂಕರ ವಕೀಲರ ಹೆಸರು ಹೇಳಿದ. ಹೊಸಬರು. ಕಕ್ಷಿಗಾರರು ಕಡಿಮೆ, ಆದ್ದರಿಂದ ಮಾತು ಪೂರ್ತಿ ಕೇಳುತ್ತಾರೆ ಎಂದ.

ವಕೀಲರು ಪೂರ್ತಿ ಕೇಳಿದರು. ನಡುವೆ ಒಂದೇ ಪ್ರಶ್ನೆ.

“ಬೆರಳು ಒತ್ತಿದ್ದು ಯಾವಾಗ?”

“ಆಟಿ ತಿಂಗಳಿಗಿಂತ ಮೊದಲು, ಮಳೆ ಶುರು ಆದಾಗ. ಐವತ್ತಾರನೇ ಇಸವಿ.”

ಅವರು ಎದ್ದು ಒಂದು ಪುಸ್ತಕ ತೆಗೆದರು.

“ನೋಡಮ್ಮ, ನೀನು ಬೆರಳು ಒತ್ತಿ ಎರಡು ತಿಂಗಳಿಗೆ ಒಂದು ಹೊಸ ಕಾನೂನು ಬಂದಿದೆ. ಮದುವೆ ಆಗದೆ ಹುಟ್ಟಿದ ಮಗುವಿನ ಮೇಲೆ ಮೊದಲ ಹಕ್ಕು ತಾಯಿಯದ್ದು. ಅವಳ ನಂತರವೇ ತಂದೆಯದ್ದು. ಅಜ್ಜನದ್ದಲ್ಲ, ಅತ್ತೆಯದ್ದಲ್ಲ.”

ದುಗ್ಗಮ್ಮನಿಗೆ ಅರ್ಥವಾಗಲು ಹೊತ್ತು ಹಿಡಿಯಿತು.

“ಹಾಗಾದರೆ ಇಷ್ಟು ವರ್ಷವೂ ಅವಳು ನನ್ನವಳೇ ಆಗಿದ್ದದ್ದಾ?”

“ಹೌದು.”

“ಯಾರೂ ಹೇಳ್ಲಿಲ್ಲ.”

ವಕೀಲರು ಪುಸ್ತಕ ಮುಚ್ಚಿದರು. “ಆದರೆ ಕೋರ್ಟು ಹಕ್ಕು ಒಂದನ್ನೇ ನೋಡುದಿಲ್ಲ. ಮಗುವಿನ ಒಳ್ಳೆಯದು ಎಲ್ಲಿ ಉಂಟು ಎಂದು ನೋಡ್ತದೆ. ಮತ್ತೆ ಅವರು ಮಗು ನಿನ್ನದೇ ಅಲ್ಲ ಎಂದು ಹೇಳುವುದು ಖಂಡಿತ. ಶಾಲೆಯ ಪುಸ್ತಕದಲ್ಲಿ ತಾಯಿ ಶೀಲಾವತಿ ಎಂದೇ ಇರ್ತದೆ. ನಿನ್ನದು ಎಂದು ಹೇಳುವವರು ಯಾರಿದ್ದಾರೆ?”

ಹೆರಿಗೆ ಮಾಡಿಸಿದವಳು ಸತ್ತಿದ್ದಳು. ತಾಯಿ ಸತ್ತಿದ್ದಳು. ಜಗಲಿಯಲ್ಲಿ ಕೂತಿದ್ದ ಏಳು ಮಂದಿ ಬದುಕಿದ್ದರು, ಆದರೆ ಅವರು ಹೇಳುವವರಲ್ಲ. ಉಳಿದವನು ಒಬ್ಬ.

*

ಮಡಿಕೇರಿ ಬಸ್ಸಿನಲ್ಲಿ ಹೋಗಿ ಅವಳು ಕಲ್ಲುಗುಂಡಿಯಲ್ಲಿ ಇಳಿದಳು. ಬೋಜಪ್ಪ ಮಾವನ ಮಗಳನ್ನೇ ಮದುವೆಯಾಗಿ ಅಲ್ಲೇ ಉಳಿದಿದ್ದ. ಇಬ್ಬರು ಮಕ್ಕಳು. ರಸ್ತೆಬದಿಯ ಮನೆ. ಅಂಗಳದಲ್ಲಿ ಕತ್ತಿಗೆ ಹಿಡಿ ಹಾಕುತ್ತ ಕೂತಿದ್ದವನು ಅವಳನ್ನು ಕಂಡು ಎದ್ದುನಿಂತ. ಇಪ್ಪತ್ತೇಳಕ್ಕೇ ಕೂದಲು ಉದುರಿತ್ತು.

ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

“ನಿಮ್ಮ ಹತ್ತಿರ ಒಂದು ಮಾತು ಹೇಳ್ಲಿಕ್ಕೆ ಬಂದೆ,” ಎಂದಳು ದುಗ್ಗಮ್ಮ.

ಹೆಂಡತಿ ಒಳಗೆ ಹೋದಳು. ಅವಳಿಗೆ ಎಲ್ಲ ಗೊತ್ತಿದ್ದಿರಬೇಕು. ದುಗ್ಗಮ್ಮ ಕೋರ್ಟಿನ ವಿಷಯ ಹೇಳಿದಳು. ಅವನು ಕತ್ತಿಯನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದ.

“ಹೇಗಿದ್ದಾಳೆ?” ಎಂದ ಕೊನೆಗೆ.

“ನೀನು ನೋಡ್ಲಿಲ್ವಾ?”

“ಇಲ್ಲ. ನನಗೆ ಅಲ್ಲಿಗೆ ಹೋಗುವ ಹಾಗೆ ಇಲ್ಲ. ನಿಂಗೆ ಒಂದು ದಿನ ಆದರೂ ಉಂಟು. ನನಗೆ ಅದೂ ಇಲ್ಲ.”

“ನನಗೂ ಯಾರೂ ಕರ್ದು ಕೊಡ್ಲಿಲ್ಲ. ಮೈಯೆಲ್ಲ ಹಾಲು ಸುರಿಸಿಕೊಂಡು ಓಡಿದ್ದಕ್ಕೆ ಸಿಕ್ಕಿದ್ದು. ನೀನು ಕೇಳಿದ್ಯಾ? ಒಂದು ಸಲ ಆದರೂ ಕೇಳಿದ್ಯಾ?”

ಅವನು ತಲೆ ತಗ್ಗಿಸಿದ.

“ಈ ಮನೆ ಮಾವನದ್ದು,” ಎಂದ. “ನಾನು ಬಂದು ಹೇಳಿದರೆ ಇಲ್ಲಿಯೂ ಇರ್ಲಿಕ್ಕೆ ಜಾಗ ಇಲ್ಲ, ಅಲ್ಲಿಯೂ ಇಲ್ಲ.”

“ಜಾಗ ಇಲ್ಲದೆ ಇರುದು ಹೇಗೆ ಎಂದು ನನ್ನನ್ನು ಕೇಳು. ನಾನು ಹೇಳಿಕೊಡ್ತೇನೆ.”

ಅವಳು ಬಸ್ಸಿಗೆ ನಡೆದಳು. ಬರುತ್ತೇನೆ ಎಂದು ಅವನು ಹೇಳಲಿಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ.

*

ಅರ್ಜಿ ಜಿಲ್ಲೆಯ ಕೋರ್ಟಿಗೆ ಹೋಯಿತು. ವಾಯಿದೆ, ಮತ್ತೆ ವಾಯಿದೆ. ಪ್ರತಿ ಸಲ ಒಂದು ದಿನದ ಕೂಲಿ ಹೋಗುತ್ತಿತ್ತು. ನಫೀಸಮ್ಮ ಅವಳ ಸಾಲನ್ನೂ ತಾನೇ ತಿರುವುತ್ತಿದ್ದಳು.

ವಿಚಾರಣೆಯ ದಿನ ಕೋರ್ಟಿನ ಒಳಗೆ ಜನ ತುಂಬಿತ್ತು. ಮದುವೆಯಾಗದೆ ಹೆತ್ತವಳನ್ನು ನೋಡಲು ಬೇರೆ ಕೇಸಿನವರೂ ಬಂದು ಕೂತಿದ್ದರು. ಎದುರು ಕಡೆಯ ವಕೀಲರು ವಯಸ್ಸಾದವರು, ಮೆಲ್ಲಗೆ ಮಾತಾಡುವವರು.

“ನಿನಗೆ ಮದುವೆ ಆಗಿದೆಯೇ?”

“ಇಲ್ಲ.”

“ಆದರೂ ಹೆತ್ತಿದ್ದೇನೆ ಎನ್ನುತ್ತೀ.”

“ಹೌದು.”

“ಎಷ್ಟು ಮಂದಿ ಗಂಡಸರ ಸಹವಾಸ ಇತ್ತು?”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ದುಗ್ಗಮ್ಮ ಕಟಕಟೆಯ ಮರ ಹಿಡಿದುಕೊಂಡಳು. ಬಾಗಿಲ ಹತ್ತಿರ ಒಬ್ಬ ಆಗಷ್ಟೇ ಬಂದು ನಿಂತಿದ್ದ. ಬಿಳಿ ಅಂಗಿ, ಉದುರಿದ ಕೂದಲು.

“ಒಬ್ಬ,” ಎಂದಳು. “ಅಲ್ಲಿ ಬಾಗಿಲಲ್ಲಿ ನಿಂತಿದ್ದಾನೆ. ಅವನನ್ನೂ ಕೇಳಿ, ಎಷ್ಟು ಮಂದಿ ಹೆಂಗಸರು ಎಂದು.”

ಆಮೇಲೆ ಯಾರೂ ನಗಲಿಲ್ಲ.

ಬೋಜಪ್ಪ ಕಟಕಟೆಗೆ ಹತ್ತಿದ. ಎದುರಿನ ಸಾಲಿನಲ್ಲಿ ದೇರಣ್ಣ ಗೌಡರು ಮೊಣಕಾಲ ನಡುವೆ ಕೊಡೆ ಊರಿ ಕೂತಿದ್ದರು. ಅವನು ಅಪ್ಪನನ್ನು ನೋಡದೆ, ಜಡ್ಜರನ್ನೂ ನೋಡದೆ, ನೆಲ ನೋಡಿ ಹೇಳಿದ.

“ಮಗು ಇವಳದ್ದು. ನನ್ನದು. ನನ್ನ ಅಪ್ಪ ತೆಗ್ದು ನನ್ನ ಅಕ್ಕನಿಗೆ ಕೊಟ್ಟದ್ದು.”

ಇಷ್ಟು ಹೇಳಲು ಅವನಿಗೆ ಎಂಟು ವರ್ಷ ಹಿಡಿದಿತ್ತು. ಆದರೂ ಹೇಳಿದ. ಆ ವಾರವೇ ಮಾವ ಅವನನ್ನು ಮನೆಯಿಂದ ಹೊರಗೆ ಹಾಕಿದರೆಂದು ಆಮೇಲೆ ತಿಳಿಯಿತು.

ಮಧ್ಯಾಹ್ನ ಜಡ್ಜರು ಹುಡುಗಿಯನ್ನು ಹತ್ತಿರ ಕರೆದರು. ವನಜಾಕ್ಷಿ ಶೀಲಾವತಿಯ ಸೆರಗು ಹಿಡಿದು ಬಂದಳು. ಹೊಸ ಲಂಗ. ಬೆದರಿದ ಕಣ್ಣು.

“ಇವರು ಯಾರು ಗೊತ್ತಾ ಮಗು?”

ಹುಡುಗಿ ದುಗ್ಗಮ್ಮನನ್ನು ನೋಡಿದಳು. ಅವಳಿಗೆ ಸುಳ್ಳು ಹೇಳಲು ಯಾರೂ ಕಲಿಸಿರಲಿಲ್ಲ. ಕಲಿಸುವ ಅಗತ್ಯವೂ ಇರಲಿಲ್ಲ.

“ಗೊತ್ತುಂಟು. ವರ್ಷಕ್ಕೊಮ್ಮೆ ನಮ್ಮಲ್ಲಿ ಬಟ್ಟೆ ಒಗೀಲಿಕ್ಕೆ ಬರುವ ದುಗ್ಗು.”

ಗುಮಾಸ್ತರು ಅದನ್ನು ಬರೆದುಕೊಂಡರು.

ಸಂಜೆ ಹೊರಗೆ ಮರದ ಕೆಳಗೆ ದೇರಣ್ಣ ಗೌಡರು ಅವಳ ಹತ್ತಿರ ಬಂದರು. ಕೈಯಲ್ಲಿ ಮಡಚಿದ ಕಾಗದ. ಅವರು ತಾವಾಗಿ ಅವಳ ಹತ್ತಿರ ನಡೆದು ಬಂದದ್ದು ಅದೇ ಮೊದಲು.

“ಆದದ್ದು ಆಯ್ತು. ಮಾತು ಬೆಳೆಸುದು ಬೇಡ. ಇದಕ್ಕೆ ಬೆರಳು ಒತ್ತು. ವರ್ಷಕ್ಕೆ ಎರಡು ಸಲ ಬಾ. ನಿನ್ನ ಅಮ್ಮ ಇದ್ದ ಜಾಗ ನಿನ್ನ ಹೆಸರಿಗೇ ಬರ್ದು ಕೊಡ್ತೇನೆ. ತಾಯಿ ಎಂದು ಹೇಳಿದ್ದು ತಪ್ಪಾಯಿತು ಎಂದು ಒಂದು ಮಾತು, ಅಷ್ಟೇ.”

ದುಗ್ಗಮ್ಮ ಕಾಗದ ಮುಟ್ಟಲಿಲ್ಲ.

“ಮೊದಲನೇ ಕಾಗದದಲ್ಲಿ ಎಂತ ಉಂಟು ಎಂದು ನನಗೆ ಗೊತ್ತಿರ್ಲಿಲ್ಲ ಗೌಡ್ರೆ. ಕೇಳಿದೆ, ನೀವು ಹೇಳ್ಲಿಲ್ಲ. ಇದರಲ್ಲಿ ಎಂತ ಉಂಟು ಎಂದು ಗೊತ್ತುಂಟು. ಒತ್ತುದಿಲ್ಲ.”

“ಸೋತರೆ ಆ ಒಂದು ದಿನವೂ ಇಲ್ಲ, ನೆನಪಿಟ್ಕೊ.”

“ಇಲ್ಲದಿದ್ದರೆ ಇಲ್ಲ. ನಾನು ಹೆತ್ತದ್ದು. ಅದನ್ನು ನೀವು ಎಷ್ಟು ಕಾಗದದಲ್ಲಿ ಬರ್ದು ಅಳಿಸ್ತೀರಿ?”

ಗೌಡರ ಕೈ ಮೇಲೆದ್ದಿತು. ಸುತ್ತ ಜನ ಇದ್ದರು. ಕೈ ಕೆಳಗಿಳಿಯಿತು.

*

ತೀರ್ಪು ಇಂಗ್ಲಿಷಿನಲ್ಲಿತ್ತು. ಉದಯಶಂಕರ ವಕೀಲರು ಕನ್ನಡದಲ್ಲಿ ಹೇಳಿದರು.

ತಾಯಿ ಇವಳೇ ಎಂದು ಜಡ್ಜರು ಒಪ್ಪಿದ್ದರು. ಕಾನೂನಿನ ಪ್ರಕಾರ ಹಕ್ಕು ಇವಳದೇ ಎಂದೂ ಒಪ್ಪಿದ್ದರು. ಆಮೇಲೆ ‘ಆದರೆ’ ಎಂದಿದ್ದರು. ಇವಳು ಮಿಲ್ಲಿನ ಕೂಲಿ. ಸ್ವಂತ ಮನೆ ಇಲ್ಲ. ಹುಡುಗಿಗೆ ಅಲ್ಲಿ ಮನೆ ಇದೆ, ಶಾಲೆ ಇದೆ, ತಾಯಿ ಎಂದು ತಿಳಿದ ಹೆಂಗಸಿದ್ದಾಳೆ. ಇವಳು ಇಷ್ಟು ವರ್ಷಗಳಲ್ಲಿ ಮಗುವನ್ನು ನೋಡಲು ಹೋದದ್ದು ವರ್ಷಕ್ಕೊಮ್ಮೆ ಮಾತ್ರ. ಹುಡುಗಿ ಇವಳನ್ನು ಬಟ್ಟೆ ಒಗೆಯುವವಳೆಂದೇ ಗುರುತಿಸಿದ್ದಾಳೆ. ಆದ್ದರಿಂದ ಹುಡುಗಿ ಇರುವಲ್ಲೇ ಇರಲಿ. ಪ್ರತಿ ತಿಂಗಳ ಮೊದಲ ಆದಿತ್ಯವಾರ, ಹತ್ತು ಗಂಟೆಯಿಂದ ಮೂರು ಗಂಟೆಯವರೆಗೆ, ತಾಯಿ ಬಂದು ನೋಡಬಹುದು. ಯಾರೂ ತಡೆಯಬಾರದು.

ಬೋಜಪ್ಪನಿಗೆ ಏನೂ ಬರೆದಿರಲಿಲ್ಲ. ಅವನು ಅರ್ಜಿ ಹಾಕಿರಲಿಲ್ಲ.

ದುಗ್ಗಮ್ಮ ಬೆಂಚಿನ ತುದಿಯಲ್ಲಿ ಕೂತು ಕೇಳಿದಳು.

“ವರ್ಷಕ್ಕೊಮ್ಮೆ ಮಾತ್ರ ಹೋದದ್ದು ನಾನಾ? ಅಷ್ಟೇ ಬಿಟ್ಟದ್ದು ಅವರಲ್ವಾ? ಬಟ್ಟೆ ಒಗೆಸಿದ್ದು ಅವರಲ್ವಾ? ಅವರು ಮಾಡಿದ ತಪ್ಪು ನನ್ನ ಲೆಕ್ಕಕ್ಕೆ ಹೇಗೆ ಬಂತು ಸ್ವಾಮಿ?”

ವಕೀಲರು ತೀರ್ಪಿನ ಪ್ರತಿ ಮಡಚಿದರು. ಮೇಲಿನ ಕೋರ್ಟಿಗೆ ಹೋಗಬಹುದು ಎಂದರು. ಎಷ್ಟು ವರ್ಷ ಎಂದು ಇವಳು ಕೇಳಿದಳು. ನಾಲ್ಕೋ ಐದೋ ಎಂದರು. ಅಷ್ಟರಲ್ಲಿ ಹುಡುಗಿ ದೊಡ್ಡವಳಾಗಿರುತ್ತಾಳೆ. ದುಗ್ಗಮ್ಮ ಬೇಡವೆಂದಳು. ಆ ರಾತ್ರಿ ಲೈನುಮನೆಯಲ್ಲಿ ನಫೀಸಮ್ಮನ ಮಡಿಲಲ್ಲಿ ತಲೆಯಿಟ್ಟು ಅತ್ತಳು. ನಫೀಸಮ್ಮ ಅವಳ ಕುತ್ತಿಗೆಯ ಸುಟ್ಟ ಚರ್ಮಕ್ಕೆ ತೆಂಗಿನೆಣ್ಣೆ ಹಚ್ಚುತ್ತ ಕೂತಳು.

ಮೊದಲ ಆದಿತ್ಯವಾರ ಅವಳು ಎದುರಿನ ಅಂಗಳದಿಂದ ಹೋಗಿ ಜಗಲಿಯಲ್ಲಿ ಕೂತಳು. ಶೀಲಾವತಿ ಬಾಗಿಲಿಗೆ ಬಂದಳು. ಅವಳ ಮುಖ ಬಾತಿತ್ತು.

“ಒಂದು ದಿನ ಅವಳನ್ನು ಕರ್ಕೊಂಡು ಹೋಗ್ಲಿಕ್ಕೆ ಇದೆಲ್ಲ ಮಾಡುದಲ್ವಾ ನೀನು?”

“ಅಲ್ಲ ಅಕ್ಕ. ನೋಡ್ಲಿಕ್ಕೆ.”

“ನಾನು ಸಾಕಿದ್ದು. ಜ್ವರ ಬಂದರೆ ನಿದ್ದೆ ಬಿಟ್ಟದ್ದು ನಾನು.”

“ನನಗೆ ನಿದ್ದೆ ಬಿಡ್ಲಿಕ್ಕೆ ಅವಕಾಶ ಇರ್ಲಿಲ್ಲ.”

ಶೀಲಾವತಿ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಹುಡುಗಿ ತಾನಾಗಿ ಹೊರಗೆ ಬಂದಳು. ಜಗಲಿಯ ಕಂಬದ ಆಚೆ ನಿಂತಳು. ಸಿಟ್ಟಿನಿಂದ ಅವಳ ತುಟಿ ನಡುಗುತ್ತಿತ್ತು.

“ನಿನ್ನಿಂದ ಶಾಲೆಯಲ್ಲಿ ಎಲ್ಲರೂ ನಂಗೆ ಎಂತ ಹೇಳುದು ಗೊತ್ತುಂಟಾ? ಮದುವೆ ಇಲ್ಲದೆ ಹುಟ್ಟಿದವಳು ಅಂತ. ನನ್ನ ಬೆಂಚಿನಲ್ಲಿ ಯಾರೂ ಕೂರುದಿಲ್ಲ. ಟೀಚರು ಕೂಡ ನಗ್ತಾರೆ.”

ಕೋರ್ಟಿನಲ್ಲಿ ಕೇಳಿದ ಯಾವ ಮಾತೂ ದುಗ್ಗಮ್ಮನಿಗೆ ಹೀಗೆ ನಾಟಿರಲಿಲ್ಲ.

“ಅದು ನಿನ್ನ ತಪ್ಪಲ್ಲ ಮಗ,” ಎಂದಳು. “ನನ್ನ ತಪ್ಪೂ ಅಲ್ಲ. ನಗುವವರ ತಪ್ಪು.”

“ನೀನು ಬರ್ಬೇಡ. ಇನ್ನು ಯಾವತ್ತೂ ಬರ್ಬೇಡ.”

ಹುಡುಗಿ ಒಳಗೆ ಹೋಗಿ ಚಿಲಕ ಹಾಕಿದಳು. ದುಗ್ಗಮ್ಮ ಮೂರು ಗಂಟೆಯವರೆಗೆ ಕೂತಳು. ಯಾರೂ ನೀರು ಕೊಡಲಿಲ್ಲ. ಅವಳು ಕೇಳಲಿಲ್ಲ.

ಮುಂದಿನ ತಿಂಗಳೂ ಹೋದಳು. ಚಿಲಕ ಹಾಕಿತ್ತು. ಅದರ ಮುಂದಿನ ತಿಂಗಳೂ ಹೋದಳು. ಮಗಳು ಬೇಡ ಎಂದ ಮೇಲೆ ಹೋಗುವುದು ಸರಿಯೇ ಎಂದು ಬಸ್ಸಿನಲ್ಲಿ ಪ್ರತಿ ಸಲ ತನ್ನನ್ನೇ ಕೇಳಿಕೊಂಡಳು. ಹೋಗದಿದ್ದರೆ, ನಾನು ಬಿಟ್ಟುಹೋದವಳು ಎಂಬುದು ನಿಜವಾಗುತ್ತದೆ. ಹಾಗಾಗಿ ಹೋದಳು. ಮಳೆಗಾಲದಲ್ಲಿ ಜಗಲಿಗೆ ಎರಚಲು ಹೊಡೆಯುತ್ತಿತ್ತು. ಒದ್ದೆಯಾಗಿ ಕೂತು, ಒಳಗೆ ಹುಡುಗಿ ಮಗ್ಗಿ ಹೇಳುವುದನ್ನು ಕೇಳಿ ಬರುತ್ತಿದ್ದಳು. ಒಂಬತ್ತರ ಮಗ್ಗಿಯಲ್ಲಿ ಅವಳು ತಡವರಿಸುತ್ತಾಳೆ ಎಂಬುದು ದುಗ್ಗಮ್ಮನಿಗೆ ಗೊತ್ತಾಯಿತು. ಮಗಳ ಬಗ್ಗೆ ಹಾಗೆ ಗೊತ್ತಾದದ್ದು ಅದೊಂದೇ.

ದೀಪಾವಳಿ ಕಳೆದ ಮೇಲೆ ಅವಳಿಗೆ ಜ್ವರ ಬಂತು. ಹನ್ನೆರಡು ದಿನ ಏಳಲಾಗಲಿಲ್ಲ. ಆ ತಿಂಗಳ ಆದಿತ್ಯವಾರ ತಪ್ಪಿತು.

ಅದರ ಮುಂದಿನ ತಿಂಗಳು ಬಸ್ಸಿಳಿದು ನಿಧಾನವಾಗಿ ನಡೆದು ಜಗಲಿ ಮುಟ್ಟಿದಳು. ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಚಿಲಕ ತೆಗೆದ ಸದ್ದಾಯಿತು. ಬಾಗಿಲು ಒಂದು ಗೇಣು ತೆರೆದಿತ್ತು. ಸಂದಿಯಲ್ಲಿ ಎರಡು ಜಡೆ, ಗಂಟಿಕ್ಕಿದ ಹುಬ್ಬು.

“ಹೋದ ತಿಂಗಳು ಎಂತಕ್ಕೆ ಬರ್ಲಿಲ್ಲ?”

ದುಗ್ಗಮ್ಮ ಗೋಡೆ ಬಿಟ್ಟು ನೇರ ಕೂತಳು.

“ಜ್ವರ,” ಎಂದಳು.

“ಪ್ರತಿ ತಿಂಗಳು ಎಂದು ಉಂಟಂತೆ ಕೋರ್ಟಿನ ಕಾಗದದಲ್ಲಿ,” ಎಂದಳು ಹುಡುಗಿ. ಸಿಟ್ಟು ಹಾಗೆಯೇ ಇತ್ತು. “ನಮ್ಮ ಮಾಸ್ಟ್ರ ಹತ್ತಿರ ಓದಿಸಿದೆ.”

ಬಾಗಿಲು ಮುಚ್ಚಿತು. ಚಿಲಕ ಬೀಳುವ ಸದ್ದಿಗೆ ದುಗ್ಗಮ್ಮ ಕಾದಳು. ಮೂರು ಗಂಟೆಯವರೆಗೂ ಚಿಲಕ ಬೀಳಲಿಲ್ಲ.